ವಾರಿಜಾಳ ಹನ್ನೆರಡು ನಿಮಿಷ

ಕಳೆದ ಶನಿವಾರ ಇಲ್ಲಿ ಕೆನಡಾದ ಮಾರ್ಕಮ್ಮಿನ ಒಂದು ಮಾಲಿನಲ್ಲಿ ಸಮೋಸದ ವಾಸನೆ ಬಂತು. ಬರೀ ಕರಿದ ಎಣ್ಣೆಯ ವಾಸನೆಯಾಗಿದ್ದರೆ ನಾನು ಮೂಗು ಮುರಿದು ಮುಂದೆ ಹೋಗುತ್ತಿದ್ದೆ. ಇದು ಎಣ್ಣೆಗೆ ಬೀಳುವ ಮೊದಲಿನ ವಾಸನೆ. ಬೇಯಿಸಿದ ಆಲೂಗಡ್ಡೆ, ಅಜವಾನ, ಹುರಿದ ಜೀರಿಗೆ, ಸಮೋಸ ಮಡಚುವ ಹಿಟ್ಟಿನ ಪಟ್ಟಿಯ ತುದಿ ಅಂಟಿಸಲು ಕಲಸಿಟ್ಟ ಮೈದಾ ಗಂಜಿ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗೈ ತಾನಾಗಿಯೇ ಎಡಗೈಯ ಮಣಿಕಟ್ಟನ್ನು ಹಿಡಿದುಕೊಂಡಿತು. ಅಲ್ಲಿ ವಾಚಿಲ್ಲ. ಎಷ್ಟೋ ವರ್ಷಗಳಿಂದ ಇಲ್ಲ.

ಮಗಳ ಹುಟ್ಟುಹಬ್ಬಕ್ಕೆ ಇಪ್ಪತ್ತೈದು ಸಮೋಸ ಒಯ್ಯಬೇಕಿತ್ತು. ಅಂಗಡಿಯ ಗಾಜಿನ ಹಿಂದೆ ನೀಲಿ ಏಪ್ರನ್ ಹಾಕಿಕೊಂಡ ಹೆಂಗಸೊಬ್ಬಳು ತಲೆ ತಗ್ಗಿಸಿ ಪಟ್ಟಿ ಮಡಚುತ್ತಿದ್ದಳು. ಮುಖ ಕಾಣುವ ಮೊದಲೇ ಬೆರಳುಗಳ ಗುರುತು ಹತ್ತಿತು. ವಾರಿಜಾ. ನಿಜ ಹೇಳಬೇಕೆಂದರೆ ಆಗ ನನಗಾದದ್ದು ಸಂತೋಷವಲ್ಲ, ನಾಚಿಕೆಯೂ ಅಲ್ಲ. ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ಹೊಟ್ಟೆಕಿಚ್ಚು, ಅದೇ ಹಳೆಯದು, ಒಂದಿಷ್ಟೂ ಸವೆದಿರಲಿಲ್ಲ. ನಾನು ಗಿರಾಕಿಗಳ ಸಾಲು ಬಿಟ್ಟು ಪಕ್ಕದ ಫೋನಿನ ಅಂಗಡಿಯ ಕಂಬದ ಮರೆಗೆ ಹೋಗಿ ನಿಂತೆ.

ಧಾರವಾಡದಲ್ಲಿ ನಾನು ಹೈಸ್ಕೂಲಿನ ಟೀಚರಾಗಿದ್ದೆ. ಪಾಠ ಹೇಗೆ ಮಾಡುತ್ತಿದ್ದೆನೋ ನನ್ನ ಕ್ಲಾಸಿನ ಮಕ್ಕಳನ್ನೇ ಕೇಳಬೇಕು, ಆದರೆ ಟೈಮ್‌ಟೇಬಲ್ ಮಾತ್ರ ನನ್ನದು. ಮೊದಲ ಸಂಬಳದಲ್ಲಿ ಕೊಂಡ ಪುಟ್ಟ ಬಂಗಾರದ ಬಣ್ಣದ ವಾಚು, ಮುಖ ಮಣಿಕಟ್ಟಿನ ಒಳಭಾಗಕ್ಕೆ ಬರುವಂತೆ ಕಟ್ಟಿಕೊಳ್ಳುತ್ತಿದ್ದೆ. ನಾನು ವರಾಂಡಕ್ಕೆ ಬಂದು ಕೈ ತಿರುಗಿಸಿ ನೋಡಿ ತಲೆ ಅಲ್ಲಾಡಿಸಿದರೇನೇ ಸಿಪಾಯಿ ಗಂಟೆ ಬಾರಿಸುವುದು. ಹೆಡ್‌ಮಾಸ್ತರರ ಗೋಡೆ ಗಡಿಯಾರ ಬೇರೆ ಹೇಳಿದರೂ ನಡೆಯುತ್ತಿದ್ದದ್ದು ನನ್ನ ವಾಚು. ಆರುನೂರು ಮಕ್ಕಳು ಏಳುವುದು, ಕೂಡುವುದು, ಡಬ್ಬಿ ಬಿಚ್ಚುವುದು ಎಲ್ಲ ನನ್ನ ಕೈಯ ಮೇಲೆ. ಅದೊಂದು ಸೊಕ್ಕು, ಇತ್ತು ಬಿಡಿ.

ಇಲ್ಲಿಗೆ ಬಂದ ಮೇಲೆ ಥಾರ್ನ್‌ಹಿಲ್ಲಿನ ಬೇಸ್‌ಮೆಂಟಿನಲ್ಲಿ ಮನೆ. ಟೀಚರ್ ಲೈಸೆನ್ಸು ಆಗುವವರೆಗೆ ಏನಾದರೂ ಮಾಡಬೇಕಲ್ಲ ಎಂದು ನವೆಂಬರಿನಲ್ಲಿ ಮಾರ್ಕಮ್ಮಿನ ಸಮೋಸ ಫ್ಯಾಕ್ಟರಿಯೊಂದಕ್ಕೆ ಸೇರಿದೆ. ಬೆಳಿಗ್ಗೆ ಏಳರಿಂದ ಮೂರೂವರೆ. ಮೊದಲ ದಿನವೇ ಸೂಪರ್‌ವೈಸರ್ ಹರ್ಜೀತ್, ಐವತ್ತು ದಾಟಿದ ಗಟ್ಟಿ ದನಿಯ ಪಂಜಾಬಿ ಹೆಂಗಸು, ನನ್ನ ಕೈ ಹಿಡಿದು, "ವಾಚ್, ಚೂಡಿ, ಅಂಗೂಠಿ, ಸಬ್ ಲಾಕರ್ ಮೇ. ಫೋನ್ ಭೀ" ಎಂದಳು. ತಿನ್ನುವ ಪದಾರ್ಥದ ಕೆಲಸ, ಒಂದು ಮೊಳೆಯೂ ಬೀಳಬಾರದು. ಬಳೆ ಬಿಚ್ಚುವಾಗ ಏನೂ ಅನಿಸಲಿಲ್ಲ. ವಾಚು ಬಿಚ್ಚಿದಾಗ ಮಾತ್ರ ಮೈಮೇಲಿನ ಬಟ್ಟೆ ಕಳಚಿದಂತಾಯಿತು.

ಒಳಗೆ ಕಿಟಕಿ ಇಲ್ಲ. ಗೋಡೆಯ ಮೇಲೆ ಒಂದು ಮೊಳೆ, ಅದರ ಸುತ್ತ ದುಂಡಗೆ ಬಿಳಿ ಕಲೆ. ಹೆಂಗಸರು ಗಡಿಯಾರ ನೋಡುತ್ತ ಕೈ ನಿಧಾನ ಮಾಡುತ್ತಾರೆಂದು ಅದನ್ನು ಕಿತ್ತು ಊಟದ ಕೋಣೆಗೆ ಹಾಕಿದ್ದರಂತೆ. ಇಡೀ ಲೈನಿನಲ್ಲಿ ಗಡಿಯಾರ ಇದ್ದದ್ದು ಒಬ್ಬಳ ಹತ್ತಿರ, ಲೀಡ್ ಹ್ಯಾಂಡ್ ಡೋರೀನಳ ಹತ್ತಿರ. ಲೀಡ್ ಹ್ಯಾಂಡ್ ಎಂದರೆ ಲೈನಿನ ಹದಿನಾಲ್ಕು ಹೆಂಗಸರ ಮೇಲ್ವಿಚಾರಣೆ ಮಾಡುವವಳು, ಗಂಟೆಗೊಮ್ಮೆ ಕಾಗದ ತುಂಬುವವಳು. ಅವಳ ಬಿಳಿ ಕೋಟಿನ ಎದೆಗೆ ನರ್ಸಮ್ಮಂದಿರ ಹಾಗೆ ತಲೆಕೆಳಗಾಗಿ ಒಂದು ಪುಟ್ಟ ಗಡಿಯಾರ ತೂಗುತ್ತಿತ್ತು. ಡೋರೀನ್ ಫೆಬ್ರವರಿಗೆ ರಿಟೈರ್ ಆಗುತ್ತಾಳೆಂದು ಕೇಳಿದ ಕ್ಷಣವೇ ಆ ಗಡಿಯಾರ ನನ್ನ ಎದೆಗೆ ಬರಬೇಕು ಎಂದು ನಿಶ್ಚಯಿಸಿಕೊಂಡೆ. ಮತ್ತೆ ನಾಲ್ಕು ಜನ ನನ್ನನ್ನು ಟೈಮ್ ಎಷ್ಟು ಅಂತ ಕೇಳಬೇಕು. ಬೇರೇನೂ ಬೇಡ.

ಆದರೆ ಆ ಲೈನಿನಲ್ಲಿ ಯಾರೂ ಡೋರೀನಳನ್ನು ಟೈಮ್ ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ವಾರಿಜಾಳನ್ನು.

ವಾರಿಜಾ ಉಡುಪಿಯ ಕಡೆಯವಳು, ಮನೆಮಾತು ತುಳು. ನಾರ್ತ್ ಯಾರ್ಕಿನ ಎತ್ತರದ ಬಿಲ್ಡಿಂಗೊಂದರಲ್ಲಿ ಗಂಡನ ಜೊತೆ ಇದ್ದಳು. ನನಗಿಂತ ಏಳೆಂಟು ವರ್ಷ ಸಣ್ಣವಳು, ಸಪೂರ ಮೈ, ಓದಿದ್ದು ಆರನೇ ಕ್ಲಾಸು. ನಾನು ಟೀಚರೆಂದು ತಿಳಿದ ದಿನದಿಂದ ನನ್ನ ಹೆಸರನ್ನೇ ಬಿಟ್ಟು "ಟೀಚರೇ" ಎಂದು ಶುರುಮಾಡಿದಳು. ಅವಳ ಕೈ ಪಟ್ಟಿ ಮಡಚುತ್ತಲೇ ಇರುವುದು. ಆ ಕಡೆಯಿಂದ ಯಾರೋ ಶ್ರೀಲಂಕಾದ ತಮಿಳು ಹೆಂಗಸು "ವಾರಿ?" ಅಂದರೆ ಸಾಕು, ಇವಳು ತಲೆಯೆತ್ತದೆ "ಟೆನ್ ಟ್ವೆಲ್ವ್" ಅನ್ನುವಳು. ಡೋರೀನ್ ಎದೆಯ ಗಡಿಯಾರ ಎತ್ತಿ ನೋಡಿ ಹುಬ್ಬು ಹಾರಿಸುವಳು. ಹತ್ತು ಹನ್ನೆರಡೇ ಆಗಿರುತ್ತಿತ್ತು.

ಬಿಡುವಿಗೆ ಮುಂಚೆ ಅವಳದೊಂದು ಸೂಚನೆ ಇರುತ್ತಿತ್ತು. "ಇನ್ನೊಂದು ಕಟ್ಟು." ಅಷ್ಟು ಹೇಳಿದಳೆಂದರೆ ಲೈನಿನ ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿಕೊಳ್ಳುವರು, ಬಿಡುವಿನ ಬೆಲ್ಲು ಸರಿಯಾಗಿ ಹನ್ನೆರಡು ನಿಮಿಷಕ್ಕೆ ಹೊಡೆಯುವುದು. ಪಂಜಾಬಿಯವರು, ಫಿಲಿಪೀನ್ಸಿನವರು, ತಮಿಳರು, ಎಲ್ಲರ ಬಾಯಲ್ಲೂ ಅದೇ. "ಹೌ ಮೆನಿ ಕಟ್ಟು, ವಾರಿ?" "ಟೂ ಕಟ್ಟು." ಲೈನಿನ ಕನ್ನಡದವಳು ನಾನು, ಎಂ.ಎ. ಮಾಡಿದವಳು, ಕೆನಡಾದ ಫ್ಯಾಕ್ಟರಿಯಲ್ಲಿ ಮೂರು ದೇಶದವರಿಗೆ ಕನ್ನಡ ಕಲಿಸಿದವಳು ಇವಳು! ಕಟ್ಟು ಅಂದರೆ ಯಾವ ಕಟ್ಟು ಅಂತ ಕೇಳಬಹುದಿತ್ತು. ಕೇಳಿದರೆ ನಾನು ಸಣ್ಣವಳಾಗುತ್ತೇನೆ ಅನಿಸಿ ಕೇಳಲಿಲ್ಲ.

ಒಂದು ದಿನ ನಾನೂ ಹೇಳಿಬಿಡೋಣ ಅನಿಸಿತು. ಹಿಮ್ಮಡಿಯ ನೋವು, ಬಾತ್‌ರೂಮಿನ ಅವಸರ, ಫ್ರೀಜರಿನ ಮೋಟಾರು ಎಷ್ಟು ಸಲ ಗೊರ್ ಅಂದಿತು, ಎಲ್ಲ ಕೂಡಿಸಿ ಕಳೆದು, ಯಾರೋ "ವಾರಿ?" ಅನ್ನುವ ಮೊದಲೇ ಗಟ್ಟಿಯಾಗಿ "ಇಟ್ ಈಸ್ ಇಲೆವೆನ್" ಎಂದೆ. ಡೋರೀನ್ ಗಡಿಯಾರ ಎತ್ತಿದಳು. ಒಂಬತ್ತು ನಲವತ್ತು. ಆ ನಗೆ ಲೈನಿನ ಈ ತುದಿಯಿಂದ ಆ ತುದಿಗೆ ಹೋಗಿ ವಾಪಸು ಬಂತು. ವಾರಿಜಾ ಒಬ್ಬಳೇ ನಗಲಿಲ್ಲ. "ಹೊಸತರಲ್ಲಿ ಹಾಗೇ ಆಗ್ತದೆ ಟೀಚರೇ, ಬೇಜಾರ ಮಾಡ್ಬೇಡಿ" ಅಂದಳು. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳ ಕನಿಕರದಿಂದ ಮೈಯೆಲ್ಲ ಉರಿದುಹೋಯಿತು.

ಮನೆಯಲ್ಲೂ ಅದೇ ಹುಚ್ಚು ಹತ್ತಿತು. ನಮ್ಮ ಬೇಸ್‌ಮೆಂಟಿನಲ್ಲಿ ಒಲೆಯ ಗಡಿಯಾರ ಆರು ನಿಮಿಷ ಮುಂದೆ, ಮೈಕ್ರೋವೇವಿನದು ಮೂರು ನಿಮಿಷ ಹಿಂದೆ. ಎರಡರ ಮೇಲೂ ಟವೆಲ್ ಹೊದಿಸಿದೆ. ವಾಚು ಬಿಚ್ಚಿ ಡ್ರಾಯರಿಗೆ ಹಾಕಿದೆ. ಒಲೆಯ ಮೇಲೆ ಬೇಳೆ ಇಟ್ಟು, ಹತ್ತು ನಿಮಿಷ ಅಂದಾಜು ಮಾಡುತ್ತ ಚಪಾತಿ ಲಟ್ಟಿಸಿದೆ. ಆದದ್ದು ಇಪ್ಪತ್ತೆರಡು ನಿಮಿಷ, ಬೇಳೆ ಸೀದು ಹೊಗೆ ಎದ್ದು ಮೇಲಿನ ಮನೆಯವರ ಅಲಾರಂ ಬಾಯಿ ಬಡಿದುಕೊಂಡಿತು.

"ಏನ ನಡಸೀಯ ನೀ?" ಎಂದು ನಮ್ಮ ಮನೆಯವರು ಓಡಿ ಬಂದರು.

"ಟೈಮ್ ಕಲೀಲಿಕ್ಕತ್ತೀನಿ."

"ನಲವತ್ತು ವರ್ಷಕ್ಕ?"

ನಾನು ವಾರಿಜಾಳ ಸಂಗತಿ ಹೇಳಿದೆ. ಅವರು ತವೆ ತಿಕ್ಕುತ್ತ ಕೇಳಿ, "ಭಾರೀ ಶಾಣ್ಯಾ ಹೆಣ್ಮಗಳ ಬಿಡು. ಒಂದಿನ ಊಟಕ್ಕ ಕರಿ" ಅಂದರು. ಆ ರಾತ್ರಿ ಅವರಿಗೆ ಸೀದ ಬೇಳೆಯನ್ನೇ ಬಡಿಸಿದೆ.

ಜನವರಿಯ ಚಳಿ ಕಿವಿ ಕಚ್ಚುತ್ತಿತ್ತು. ಬೆಳಿಗ್ಗೆ ಕತ್ತಲಲ್ಲಿ ಒಳಗೆ ಹೋಗುವುದು, ಹೊರಗೆ ಬರುವಾಗ ಬಿಸಿಲು ಹೊರಡುವ ತಯಾರಿಯಲ್ಲಿರುವುದು. ಕಿಟಕಿಯಿಲ್ಲದ ಆ ದೊಡ್ಡ ಬಿಳಿ ಕೋಣೆಯಲ್ಲಿ ನನಗೆ ಒಂದೇ ಯೋಚನೆ: ಇವಳಿಗೆ ಹೇಗೆ ಗೊತ್ತಾಗುತ್ತದೆ? ಪಕ್ಕದಲ್ಲೇ ನಿಂತು ಕದ್ದು ನೋಡಿದೆ. ಅವಳ ಟ್ರೇಯಲ್ಲಿ ಸಮೋಸಗಳೆಲ್ಲ ಆಚೆ ಮುಖ ಮಾಡಿರುತ್ತಿದ್ದವು, ನಡುನಡುವೆ ಒಂದೊಂದು ಮಾತ್ರ ಅವಳ ಕಡೆ ಚೂಪು ತಿರುಗಿಸಿ ಕೂತಿರುತ್ತಿತ್ತು. ಅಜಾಗರೂಕತೆ ಅಂದುಕೊಂಡೆ. ಕೊನೆಗೆ ನನ್ನ ಬುದ್ಧಿಗೆ ಹೊಳೆದದ್ದು ಒಂದೇ: ಇವಳು ಎಲ್ಲೋ ವಾಚು ಬಚ್ಚಿಟ್ಟುಕೊಂಡಿದ್ದಾಳೆ. ಗ್ಲೌಸಿನೊಳಗೆ, ತೋಳಿನ ಅಡಿಯಲ್ಲಿ, ಎಲ್ಲೋ. ನಾನು ಬಿಚ್ಚಿಟ್ಟು ಒದ್ದಾಡುತ್ತಿದ್ದೇನೆ, ಇವಳು ಕಟ್ಟಿಕೊಂಡು ಮೆರೆಯುತ್ತಿದ್ದಾಳೆ! ಹೀಗೆ ಅಂದುಕೊಂಡಾಗ ಎಷ್ಟು ಹಿತವಾಯಿತೆಂದರೆ ಅದು ನಿಜವೋ ಸುಳ್ಳೋ ನೋಡುವ ತಾಳ್ಮೆಯೇ ಉಳಿಯಲಿಲ್ಲ.

ಒಂದು ಸೋಮವಾರ ಊಟದ ಕೋಣೆಯಲ್ಲಿ ಹರ್ಜೀತ್ ಚಹಾ ಕುಡಿಯುತ್ತ, "ಯೇ ವಾರಿಜಾ ಕಮಾಲ್ ಹೈ" ಎಂದಳು. ನಾನು ನನ್ನ ಮುರುಕು ಹಿಂದಿಯಲ್ಲಿ, ನಗುನಗುತ್ತ, ಸಕ್ಕರೆ ಕಲಸುತ್ತ ಹೇಳಿದೆ: "ಗ್ಲೌಸ್ ಕೇ ಅಂದರ್ ದೇಖಾ ಕ್ಯಾ ಕಭೀ?"

ಹರ್ಜೀತಳ ಚಹಾದ ಕಪ್ ಬಾಯಿಯ ಹತ್ತಿರ ನಿಂತಿತು.

ಊಟದ ನಂತರ ಅವಳು ಲೈನ್ ನಿಲ್ಲಿಸಿ ವಾರಿಜಾಳನ್ನು ಮುಂದೆ ಕರೆದು, ಎಲ್ಲರೆದುರೇ, ಗ್ಲೌಸು ಬಿಚ್ಚು ಅಂದಳು. ವಾರಿಜಾ ಬಿಚ್ಚಿದಳು. ತೋಳು ಮೇಲೆ ಮಾಡು ಅಂದಳು. ಮಾಡಿದಳು. ಮೊಣಕೈಯವರೆಗೆ ಬರಿಗೈ. ಒಂದು ದಾರ ಕೂಡ ಇರಲಿಲ್ಲ. ಅವಳು ಎರಡೂ ಅಂಗೈ ಮೇಲೆ ಮಾಡಿ ಹಿಡಿದು ನಿಂತಳು, ಶಾಲೆಯಲ್ಲಿ ಛಡಿ ಏಟಿಗೆ ಕೈ ಒಡ್ಡುವ ಹುಡುಗಿಯ ಹಾಗೆ. ಹೆಬ್ಬೆರಳು ತೋರುಬೆರಳುಗಳ ತುದಿಯಲ್ಲಿ ಹಳದಿಗಟ್ಟಿದ ಜಡ್ಡು ಕಾಣುತ್ತಿತ್ತು, ಅಷ್ಟೆ. ಹರ್ಜೀತ್ ಮುಖ ಕೆಂಪು ಮಾಡಿಕೊಂಡು, "ಓಕೆ ಓಕೆ, ಬ್ಯಾಕ್ ಟು ವರ್ಕ್" ಎಂದಳು. ಅವತ್ತು ಮಧ್ಯಾಹ್ನ ಯಾರೋ "ವಾರಿ?" ಎಂದಾಗ ಅವಳು "ಟುಡೇ ಐ ಡೋಂಟ್ ನೋ" ಅಂದಳು.

ಸ್ಟೀಲ್ಸ್ ರಸ್ತೆಯ ಬಸ್ಸಿನಲ್ಲಿ ನಾವಿಬ್ಬರೂ ಒಟ್ಟಿಗೇ ಹೋಗಬೇಕು. ನಾನು ಹಿಂದಿನ ಸೀಟಿಗೆ ಹೋಗಿ ಕಿಟಕಿಗೆ ಮುಖ ಮಾಡಿ ಕೂತೆ. ಅವಳು ಹುಡುಕಿಕೊಂಡು ಬಂದು ಪಕ್ಕದಲ್ಲೇ ಕೂತಳು.

"ಯಾರು ಹೇಳಿದ್ರೋ ಎಂತೋ. ನನ್ನತ್ರ ಕೇಳ್ಬಹುದಿತ್ತಲ್ವಾ ಟೀಚರೇ? ಕೇಳಿದ್ರೆ ಹೇಳ್ತಿದ್ದೆ."

"ಏನ ಹೇಳ್ತಿದ್ದಿ?" ಎಂದೆ.

ಅವಳು ಹೇಳಿದಳು. ಆರನೇ ಕ್ಲಾಸಿಗೆ ಶಾಲೆ ಬಿಡಿಸಿ ಅಕ್ಕನ ಜೊತೆ ಬೀಡಿ ಕಟ್ಟಲು ಕೂರಿಸಿದರಂತೆ. ತೊಡೆಯ ಮೇಲೆ ಮೊರ, ಮೊರದಲ್ಲಿ ಎಲೆ, ಹೊಗೆಸೊಪ್ಪು. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಮದುವೆಯಾಗಿ ಇಲ್ಲಿಗೆ ಬರುವ ತನಕ ಹದಿನೆಂಟು ವರ್ಷ ಅದೇ.

"ನಮ್ಮ ಮನೇಲಿ ಗಡಿಯಾರ ಇರ್ಲಿಲ್ಲ ಟೀಚರೇ. ಗದ್ದೆ ಆಚೆ ಶಾಲೆ ಉಂಟು, ನಾನು ಬಿಟ್ಟ ಶಾಲೆ. ಅದರ ಬೆಲ್ಲು ಕೇಳ್ತಿತ್ತು. ಒಂದು ಪೀರಿಯಡ್ಡಿಗೆ ಮೂರು ಕಟ್ಟು, ಮೇಲೆ ಎಂಟು ಬೀಡಿ. ಒಂದು ದಿನಾನೂ ಹೆಚ್ಚುಕಮ್ಮಿ ಆಗ್ಲಿಲ್ಲ. ಈಗ ಗಣಿತ ಪೀರಿಯಡ್ಡು, ಈಗ ಕನ್ನಡ ಅಂತ ಹೇಳ್ಕೊಂಡು ಕಟ್ತಿದ್ದೆ. ನಲವತ್ತು ನಿಮಿಷ ಅಲ್ವಾ ಒಂದು ಪೀರಿಯಡ್ಡು?"

"ಹೌದು. ನಲವತ್ತು," ಎಂದೆ.

"ಸಮೋಸದ ಪಟ್ಟಿ ಮಡಚುದೂ ಹಾಗೇ. ಬೆರಳಿಗೆ ಎಲೆ ಅಂತ್ಲೇ ಲೆಕ್ಕ. ಇಪ್ಪತ್ತೈದಕ್ಕೆ ಒಂದು ತಿರುಗಿಸಿ ಇಡುದು. ಅದು ಕಟ್ಟು. ಐದು ಕಟ್ಟಿಗೆ ಒಂದು ಗಂಟೆ. ಅಲ್ಲಿ ಅಕ್ಕ ಈಗ್ಲೂ ಕಟ್ತಾಳೆ ಟೀಚರೇ. ನಮಗೆ ಇಲ್ಲಿ ಬೆಳಿಗ್ಗೆ ಹನ್ನೊಂದು ಆಗುವಾಗ ಅಲ್ಲಿ ರಾತ್ರಿ, ಅವಳು ಮೊರ ಬದಿಗಿಟ್ಟು ಮಲಗ್ಲಿಕ್ಕೆ ಏಳ್ತಾಳೆ. ಅಲ್ಲಿವರೆಗೆ ಅವಳ ಜೊತೆ ಕೂತ ಹಾಗೆ ನಂಗೆ. ಇವತ್ತು ಮಧ್ಯಾಹ್ನದ ಮೇಲೆ ಲೆಕ್ಕ ಎಲ್ಲಾ ತಪ್ಪಿತು." ಅವಳು ಕೈಗವಸಿನ ಬೆನ್ನಿನಿಂದ ಕಣ್ಣೊರೆಸಿಕೊಂಡು, ತನ್ನ ಸ್ಟಾಪಿಗೆ ಇಳಿದು ಹೋದಳು.

ಅಲ್ಲೇ ನನ್ನ ಹೊಟ್ಟೆಕಿಚ್ಚು ಕರಗಿ ನೀರಾಯಿತು ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತಿತ್ತು. ಹಾಗಾಗಲಿಲ್ಲ. ನಾಚಿಕೆಯಾಯಿತು, ಖರೆ, ಥಾರ್ನ್‌ಹಿಲ್ ಬರುವವರೆಗೂ ನನಗೆ ನಾನೇ ಉಗಿದುಕೊಂಡೆ. ಆದರೆ ಅವಳು ಕಳ್ಳಿಯಾಗಿದ್ದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು, ಈಗ ಅದಕ್ಕೂ ದಾರಿ ಉಳಿಯಲಿಲ್ಲ. ಎಲ್ಲೋ ಒಂದು ಶಾಲೆಯಲ್ಲಿ ನನ್ನಂಥ ಟೀಚರೊಬ್ಬಳು ವಾಚು ನೋಡಿ ಗಂಟೆ ಹೊಡೆಸಿದ್ದಾಳೆ. ಶಾಲೆ ಬಿಡಬೇಕಾಗಿ ಬಂದ ಹುಡುಗಿ ಗದ್ದೆಯಾಚೆ ಕೂತು ಅದನ್ನು ಬೆರಳಿಗೆ ಇಳಿಸಿಕೊಂಡಿದ್ದಾಳೆ. ಹದಿನೈದು ವರ್ಷ ಗಂಟೆ ಹೊಡೆಸಿದ ನನ್ನ ಕೈಗೆ ಏನೂ ಇಳಿದಿರಲಿಲ್ಲ. ವಾಚು ಬಿಚ್ಚಿದರೆ ನಾನು ಖಾಲಿ.

ಫೆಬ್ರವರಿಯ ಕೊನೆಯಲ್ಲಿ ಡೋರೀನ್ ಕೇಕು ಕತ್ತರಿಸಿ ಎಲ್ಲರನ್ನೂ ತಬ್ಬಿಕೊಂಡು ಹೋದಳು. ಲೈನಿನವರೆಲ್ಲ ವಾರಿಜಾಳ ಹೆಸರು ಹೇಳಿದರು. ಆದರೆ ಗಂಟೆಗಂಟೆಗೂ ಇಂಗ್ಲಿಷಿನಲ್ಲಿ ಕಾಗದ ತುಂಬಬೇಕಲ್ಲ, ಹರ್ಜೀತ್ ನನ್ನನ್ನು ಕರೆದು ತಲೆಕೆಳಗಾದ ಗಡಿಯಾರವನ್ನು ನನ್ನ ಕೋಟಿಗೆ ಸಿಕ್ಕಿಸಿದಳು. ಮೊದಲು ಬಂದು ಕೈಕುಲುಕಿದವಳು ವಾರಿಜಾ. "ನಿಮಗೇ ಆಗ್ಬೇಕಿತ್ತು ಟೀಚರೇ" ಎಂದಳು. ಮನಸ್ಸಿನಿಂದಲೇ ಅಂದಳು, ಅದು ಗೊತ್ತಾಗುತ್ತದಲ್ಲ.

ಗಡಿಯಾರ ಬಂತು, ಕೇಳುವವರು ಬರಲಿಲ್ಲ. ನನ್ನ ಎದೆಯ ಮೇಲೇ ಟಿಕ್‌ಟಿಕ್ ಅನ್ನುತ್ತಿದ್ದರೂ ಲೈನಿನ ಆ ತುದಿಯಿಂದ "ವಾರಿ?" ಎಂದೇ ಕೂಗು. ನಾನು "ಟೆನ್ ಮಿನಿಟ್ಸ್ ಟು ಬ್ರೇಕ್" ಎಂದು ಗಟ್ಟಿಯಾಗಿ ಹೇಳಿದರೆ ಒಬ್ಬಳು ವಾರಿಜಾಳ ಕಡೆ ತಿರುಗಿ, "ಕಟ್ಟು?" ಎಂದು ಕೇಳಿ ಖಾತ್ರಿ ಮಾಡಿಕೊಳ್ಳುವಳು. ಒಂದು ವಾರ ಹಲ್ಲು ಕಚ್ಚಿಕೊಂಡಿದ್ದೆ. ಎಂಟನೇ ದಿನ ಹರ್ಜೀತ್ ಬಂದು, ಪ್ಯಾಕಿಂಗಿಗೆ ಒಬ್ಬರು ಬೇಕು, ಯಾರನ್ನು ಕಳಿಸಲಿ ಎಂದಳು. ಬಾಯಿ ತೆರೆಯುವ ಮೊದಲೇ ನನಗೆ ಎಲ್ಲ ಗೊತ್ತಿತ್ತು. ಪ್ಯಾಕಿಂಗಿನಲ್ಲಿ ಮಡಚುವ ಕೆಲಸ ಇಲ್ಲ. ಡಬ್ಬ ಬಂದರೆ ಟೇಪು ಹಚ್ಚುವುದು, ಬಾರದಿದ್ದರೆ ನಿಲ್ಲುವುದು, ಒಮ್ಮೆ ಇಪ್ಪತ್ತು, ಒಮ್ಮೆ ಎರಡು, ಬೆರಳಿಗೆ ಕಟ್ಟಿನ ಲೆಕ್ಕವೇ ಸಿಗದು. ಬಸ್ಸಿನಲ್ಲಿ ಅವಳೇ ನನ್ನ ಕೈಗೆ ಕೊಟ್ಟಿದ್ದ ಗುಟ್ಟು ಅದು.

"ವಾರಿಜಾ," ಎಂದೆ. "ಸ್ಟ್ರಾಂಗ್ ಹ್ಯಾಂಡ್ಸ್."

ಪ್ಯಾಕಿಂಗು ದಪ್ಪ ಪ್ಲಾಸ್ಟಿಕ್ ಪಟ್ಟಿಗಳ ಪರದೆಯ ಆಚೆ, ಫ್ರೀಜರಿನ ಬಾಯಿಗೆ ಹತ್ತಿಕೊಂಡೇ ಇತ್ತು. ಎರಡನೇ ದಿನ ಆ ಪರದೆ ಸರಿಸಿಕೊಂಡು ಅವಳು ಬಂದಳು. ಮೂಗು ಕೆಂಪಾಗಿತ್ತು. ಬೆರಳುಗಳನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದಳು.

"ಟೀಚರೇ, ಗಂಟೆ ಎಷ್ಟಾಯ್ತು?"

ಚಳಿಗಾಲವಿಡೀ ನಾನು ಕಾದದ್ದು ಇದಕ್ಕೇ. ಸುಳ್ಳು ಯಾಕೆ, ಮೊದಲ ಸಲ ಹೊಟ್ಟೆ ತಂಪಾಯಿತು. ಗಡಿಯಾರ ಎತ್ತಿ, ಬೇಕೆಂದೇ ನಿಧಾನವಾಗಿ ನೋಡಿ, "ಹತ್ತೂಕಾಲು" ಎಂದೆ. "ಹತ್ತೂಕಾಲಾ? ನಾನು ಹನ್ನೊಂದು ದಾಟಿತು ಅಂದ್ಕೊಂಡೆ" ಎಂದು ಒಳಗೆ ಹೋದಳು. ಮತ್ತೆ ಬಂದಳು. "ಟೀಚರೇ, ಹನ್ನೊಂದಾಯ್ತಾ?" ಹನ್ನೊಂದು ದಾಟಿ ಇಪ್ಪತ್ತು ನಿಮಿಷವಾಗಿತ್ತು. "ಆಗಿ ಹೋಯ್ತು," ಎಂದೆ. ಅವಳ ಮುಖ ಸಣ್ಣದಾಯಿತು. ಅಕ್ಕ ಎದ್ದು ಹೋಗಿದ್ದಳು.

ದಿನಾ ಹೀಗೇ. ದಿನಕ್ಕೆ ಮೂರು ಸಲ, ನಾಲ್ಕು ಸಲ, "ಟೀಚರೇ, ಗಂಟೆ ಎಷ್ಟಾಯ್ತು?" ನಾಲ್ಕನೇ ದಿನಕ್ಕೆ ಆ ಪರದೆ ಅಲುಗಾಡಿದರೆ ನಾನು ಕಾಗದದ ಮೇಲೆ ಬಗ್ಗಿಕೊಳ್ಳತೊಡಗಿದೆ. ಒಂದು ಮಧ್ಯಾಹ್ನ ಊಟದ ಕೋಣೆಯಲ್ಲಿ ಅವಳು ಡಬ್ಬಿ ಬಿಚ್ಚದೆ ಕೂತಿದ್ದಳು. ಮೇಜಿನ ಕೆಳಗೆ, ತೊಡೆಯ ಮೇಲೆ, ಬೆರಳುಗಳು ಏನೂ ಇಲ್ಲದ್ದನ್ನು ಮಡಚುತ್ತಿದ್ದವು. ಹರ್ಜೀತಳಿಗೆ ಒಂದು ಮಾತು ಹೇಳಿದ್ದರೆ ವಾರಿಜಾ ಮರುದಿನವೇ ಲೈನಿಗೆ ವಾಪಸು ಬರುತ್ತಿದ್ದಳು. ನಾಳೆ ಹೇಳೋಣ, ಸೋಮವಾರ ಹೇಳೋಣ ಅಂದುಕೊಂಡೆ. ಏಪ್ರಿಲ್ ಮೊದಲ ಸೋಮವಾರ ವಾರಿಜಾ ಬರಲಿಲ್ಲ. ಕೆಲಸ ಬಿಟ್ಟಳು ಎಂದರು. ಆ ದಿನ ಬಿಡುವಿನ ಬೆಲ್ಲು ಹೊಡೆದಾಗ ಲೈನಿನವರೆಲ್ಲ ಬೆಚ್ಚಿಬಿದ್ದರು.

ನಾನೂ ವರ್ಷದೊಳಗೆ ಅಲ್ಲಿಂದ ಹೊರಬಿದ್ದೆ, ಡೇಕೇರಿನಲ್ಲಿ ಕೆಲಸ ಸಿಕ್ಕಿತು. ತಲೆಕೆಳಗಾದ ಗಡಿಯಾರ ವಾಪಸು ಕೊಟ್ಟೆ. ಡ್ರಾಯರಿನಲ್ಲಿದ್ದ ನನ್ನ ವಾಚನ್ನು ಒಮ್ಮೆ ತೆಗೆದು ಕಟ್ಟಿಕೊಳ್ಳಲು ನೋಡಿದೆ, ಯಾಕೋ ಕೊಂಡಿ ಹಾಕಲು ಮನಸ್ಸಾಗಲಿಲ್ಲ. ಹಾಗೇ ಬಿಟ್ಟೆ. ಆದರೆ ಎಣಿಸುವ ಚಟ ಮಾತ್ರ ಹೋಗಲಿಲ್ಲ. ಚಪಾತಿ, ಇಡ್ಲಿ, ಮೆಟ್ಟಿಲು, ಮಗುವಿನ ಕೋಟಿನ ಗುಂಡಿ, ಕೈಗೆ ಸಿಕ್ಕಿದ್ದನ್ನೆಲ್ಲ ಇಪ್ಪತ್ತೈದರ ಲೆಕ್ಕದಲ್ಲಿ ಎಣಿಸುತ್ತೇನೆ. ಟೈಮ್ ಇವತ್ತಿಗೂ ತಪ್ಪುತ್ತದೆ.

ಇಷ್ಟು ನೆನೆದುಕೊಂಡು ಕಂಬದ ಮರೆಯಿಂದ ಹೊರಗೆ ಬಂದೆ. ಸಾಲು ಕರಗಿತ್ತು. ವಾರಿಜಾ ತಲೆಯೆತ್ತಿದಳು.

"ಅಯ್ಯೋ ಟೀಚರೇ! ಎಂತ ಮಾರಾಯ್ರೆ, ಎಷ್ಟು ವರ್ಷ ಆಯ್ತು!" ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. "ಎಷ್ಟು ಬೇಕು?"

"ಇಪ್ಪತ್ತೈದು."

"ಒಂದು ಕಟ್ಟು!" ಎಂದು ನಕ್ಕಳು. "ಮಾಡಿಟ್ಟದ್ದು ಬೇಡ, ಹೊಸತು ಮಾಡಿ ಕೊಡ್ತೇನೆ. ಮಡಚ್ಲಿಕ್ಕೆ ಹನ್ನೆರಡು ನಿಮಿಷ. ಆಮೇಲೆ ಕರಿಯುದು."

ಬೆರಳುಗಳು ಶುರುಮಾಡಿದವು. ಮಗಳು ಎಷ್ಟನೇ ಕ್ಲಾಸು, ಮನೆ ಅಲ್ಲೇನಾ, ಎಲ್ಲ ಕೇಳಿದಳು. ನಾನು ಅಕ್ಕ ಹೆಂಗಿದ್ದಾಳ ಅಂದೆ. "ಇದ್ದಾಳೆ ಟೀಚರೇ, ಕಣ್ಣು ಸ್ವಲ್ಪ ಮಂಜು. ಆದ್ರೂ ಕಟ್ತಾಳೆ. ಈ ಅಂಗಡಿ ಸಿಕ್ಕಿದ ಮೇಲೆ ಪುನಃ ಅವಳ ಜೊತೆ ಕೂತ ಹಾಗೆ ಆಗಿದೆ ನಂಗೆ." ಮಾತಿನ ನಡುವೆಯೂ ಒಂದೊಂದೇ ಸಮೋಸ ಪಕ್ಕದ ಬೋಗುಣಿಗೆ ಬೀಳುತ್ತಿತ್ತು. ನನ್ನ ಒಳಗಿನ ಚಟ ಎಣಿಸುತ್ತಿತ್ತು. ಹದಿಮೂರು, ಹದಿನಾಲ್ಕು. ಎಂಥ ಕೈ ಇವಳದು, ಹಾಳಾದವಳದು, ಒಂದಕ್ಕೂ ಒಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇಲ್ಲ. ಹದಿನೆಂಟು. ಹತ್ತೊಂಬತ್ತು. ಇನ್ನಾರು ಮುಗಿದರೆ ಇವಳು ಒಲೆಯ ಕಡೆ ತಿರುಗುತ್ತಾಳೆ, ನಾನು ಪೊಟ್ಟಣ ಹಿಡಿದು ಮನೆಗೆ ಹೋಗುತ್ತೇನೆ.

"ವಾರಿಜಾ, ಅವತ್ತ ನಿನ್ನ ಗ್ಲೌಸ್ ಬಿಚ್ಚಿಸಿದ್ದು ನಾನ. ಹರ್ಜೀತ್‌ಗ ಹೇಳಿದಾಕಿ ನಾನ. ಪ್ಯಾಕಿಂಗಿಗೆ ಕಳಿಸಿದ್ದೂ ನಾನ. ಎಲ್ಲಾ ಗೊತ್ತಿದ್ದ ಕಳಿಸಿದೆ. ಹೊಟ್ಟೆಕಿಚ್ಚಿಗೆ."

ಅವಳ ಕೈ ನಿಂತಿತು. ಆ ಬೆರಳುಗಳು ಅರ್ಧ ಮಡಿಕೆಯಲ್ಲಿ ನಿಂತದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಪಟ್ಟಿ ಜೋತುಬಿದ್ದು ಒಂದಿಷ್ಟು ಪಲ್ಯ ಮೇಜಿನ ಮೇಲೆ ಉದುರಿತು. ಅವಳು ನನ್ನ ಕಡೆ ನೋಡಲಿಲ್ಲ. ಬೋಗುಣಿ ನೋಡಿದಳು, ಸಮೋಸಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು, ಲೆಕ್ಕ ಸಿಗುವಂತಿರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಳೋ ನನಗೆ ಹೇಳಲು ಬರುವುದಿಲ್ಲ.

"ತಪ್ಪಿತು," ಎಂದಳು ಕೊನೆಗೆ, ತನಗೇ ಹೇಳಿಕೊಂಡಂತೆ. ಆಮೇಲೆ ನನ್ನ ಮುಖ ನೋಡಿದಳು. ಕಣ್ಣಲ್ಲಿ ನೀರಿತ್ತೋ ಸಿಟ್ಟಿತ್ತೋ, ಎರಡೂ ಇದ್ದವು.

"ಎಷ್ಟಾಗಿತ್ತು ಟೀಚರೇ?"

"ಹತ್ತೊಂಬತ್ತು," ಎಂದೆ. "ಕೈಯಾಗಿಂದು ಇಪ್ಪತ್ತನೇದು."

"ಖಂಡಿತವಾ?"

"ಖಂಡಿತ. ಮೊದಲಿಂದ ಎಣಸೀನಿ."

ಅವಳು ಉದುರಿದ ಪಲ್ಯವನ್ನು ಬೆರಳಿನಿಂದ ಒಟ್ಟುಮಾಡಿ ಬದಿಗೆ ಸರಿಸಿದಳು, ಚಮಚದಲ್ಲಿ ಹೊಸದು ತುಂಬಿದಳು, ತುದಿಗೆ ಗಂಜಿ ಸವರಿ ಒತ್ತಿದಳು.

"ಇಪ್ಪತ್ತು," ಎಂದು ಬಾಯಿಬಿಟ್ಟು ಹೇಳಿ ಬೋಗುಣಿಗೆ ಹಾಕಿ, ಮುಂದಿನ ಪಟ್ಟಿ ಎತ್ತಿಕೊಂಡಳು.